ಐದನೇ ಕಾಲಮ್ಮಿನ ಮಗಳು

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದು ಎಂದು ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಹಿರಿಯರಿಗೇನು, ಹೇಳಿ ಹೋದರು. ನಮ್ಮ ಗುಮಾಸ್ತರಿಗೆ ಅನ್ನ ಹುಟ್ಟುತ್ತಿದ್ದದ್ದೇ ಎರಡನೆಯದನ್ನು ಕೇಳುವುದರಿಂದ. ಅದೂ ಒಬ್ಬರನ್ನಲ್ಲ, ಇಬ್ಬರನ್ನಲ್ಲ, ವರ್ಷಕ್ಕೆ ನಾನೂರ ಹನ್ನೆರಡು ಜನರನ್ನು.

ಅವರಿದ್ದ ಕಾಲೇಜಿನಲ್ಲಿ ಒಂದು ಪದ್ಧತಿ. ಪದವಿ ಮುಗಿಸಿ ಹೋದ ಪ್ರತಿಯೊಬ್ಬರಿಗೂ ವರ್ಷ ಕಳೆದ ಮೇಲೆ ಫೋನ್ ಮಾಡಿ, ಏನು ಮಾಡುತ್ತಿದ್ದೀರಿ, ಎಷ್ಟು ಸಂಪಾದನೆ, ಆ ಕೆಲಸಕ್ಕೂ ಓದಿದ್ದಕ್ಕೂ ಏನಾದರೂ ಸಂಬಂಧ ಉಂಟೇ ಎಂದು ವಿಚಾರಿಸಿ ಬರೆದುಕೊಳ್ಳಬೇಕು. ಇದೆಲ್ಲ ವರದಿಯಾಗಿ ಅಚ್ಚಾಗಿ, ಮುಂದಿನ ವರ್ಷ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರ ಕೈಗೆ ಹೋಗುತ್ತಿತ್ತು. ಈ ಮಹಾಕಾರ್ಯಕ್ಕೆ ‘ಪದವೀಧರ ಪ್ರಗತಿ ಶೋಧನೆ’ ಎಂದು ಘನವಾದ ನಾಮಧೇಯ. ಶೋಧಿಸುವ ಸೈನ್ಯದ ದಂಡನಾಯಕರೂ ಗುಮಾಸ್ತರೇ, ಕಾಲಾಳೂ ಅವರೇ. ಮೂರನೇ ಮಹಡಿಯಲ್ಲಿ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಒಂದು ಫೋನು, ಒಂದು ಫ್ಯಾನು. ಫ್ಯಾನು ತಿರುಗಿದರೆ ನಮೂನೆಗಳು ಹಾರುತ್ತವೆ, ನಿಂತರೆ ಗುಮಾಸ್ತರು ಬೇಯುತ್ತಾರೆ.

ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ ಅವರಿಗೆ ದನಿ ಕೇಳಿದರೆ ಸಂಬಳ ಹೇಳುವ ವಿದ್ಯೆ ಸಿದ್ಧಿಸಿತ್ತು. “ಹಲೋ” ಎಂದು ಮೊದಲ ರಿಂಗಿಗೇ ಎತ್ತಿದರೆ ಇನ್ನೂ ಕೆಲಸ ಹುಡುಕುತ್ತಿದ್ದಾನೆ ಎಂದರ್ಥ. “ಹೇಳಿ, ಬೇಗ ಹೇಳಿ” ಎಂದರೆ ಕೆಲಸ ಸಿಕ್ಕಿದೆ, ಸಂಬಳ ಕಮ್ಮಿ. ಫೋನನ್ನು ತಂದೆ ಎತ್ತಿದರಂತೂ ಕಥೆಯೇ ಬೇರೆ.

“ನನ್ನ ಮಗನ ಸಂಬಳ ತಾನೆ? ನಲವತ್ತು ಸಾವಿರ ಬರ್ಕೊಳ್ಳಿ.”

“ಅಪ್ಪಾ, ಹದಿನೆಂಟು ಕಣಪ್ಪಾ!” ಎಂದು ಹಿಂದಿನಿಂದ ಒಂದು ದನಿ.

“ಮುಂದೆ ಆಗುತ್ತಲ್ವೇನೋ, ಸುಮ್ನಿರು. ಬರ್ಕೊಂಡ್ರಾ ಸಾರ್?”

ಗುಮಾಸ್ತರು ನಗುತ್ತಾ ಹದಿನೆಂಟು ಎಂದೇ ಬರೆಯುತ್ತಿದ್ದರು. ‘ಹೆತ್ತವರಿಗೆ ಎಂಥಾ ಹುಚ್ಚು ನೋಡು’ ಎಂದು ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿ ಇನ್ನೊಮ್ಮೆ ನಗುತ್ತಿದ್ದರು. (ಆ ನಗುವನ್ನು ಅವರು ಸ್ವಲ್ಪ ಉಳಿಸಿಕೊಳ್ಳಬೇಕಿತ್ತು. ಇರಲಿ.)

ನಮೂನೆಯಲ್ಲಿ ಐದು ಕಾಲಂ. ಉದ್ಯೋಗದಲ್ಲಿದ್ದಾರೆ, ಸ್ವಂತ ವ್ಯವಹಾರ, ಉನ್ನತ ವ್ಯಾಸಂಗ, ಹುಡುಕಾಟದಲ್ಲಿದ್ದಾರೆ, ಕೊನೆಯದು ‘ಸಂಪರ್ಕಕ್ಕೆ ಸಿಗಲಿಲ್ಲ’. ಈ ಐದನೆಯದರಲ್ಲಿ ಸುಮ್ಮನೆ ಗುರುತು ಹಾಕುವಂತಿಲ್ಲ. ಮೂರು ಸಲ ಪ್ರಯತ್ನಿಸಿರಬೇಕು, ಮೂರರ ತಾರೀಖನ್ನೂ ಗಳಿಗೆಯನ್ನೂ ನಮೂದಿಸಬೇಕು. ಎಲ್ಲಕ್ಕಿಂತ ಕೆಳಗೆ ಷರಾ ಬರೆಯಲು ಒಂದು ಗೆರೆ. ಅಲ್ಲಿ ಗುಮಾಸ್ತರು ನಾನೂರ ಹನ್ನೆರಡು ನಮೂನೆಗೂ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ತಮ್ಮ ದುಂಡಾದ ಅಕ್ಷರದಲ್ಲಿ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಸೌದೆ ಒಟ್ಟಿಟ್ಟುಕೊಂಡ ಹಾಗೆ.

ಹೀಗಿರಲು ಒಂದು ವರ್ಷ, ಭೌತಶಾಸ್ತ್ರದ ಪಟ್ಟಿಯಲ್ಲಿ ಮೂವತ್ತೊಂದನೇ ಹೆಸರು ಕಣ್ಣಿಗೆ ಬಿದ್ದು ಅವರ ಪೆನ್ನು ನಿಂತಿತು. ಅದು ಅವರ ಮಗಳ ಹೆಸರು.

ಮಗಳು ಪ್ರಥಮ ದರ್ಜೆಯಲ್ಲಿ ಪಾಸಾದಾಗ ಗುಮಾಸ್ತರು ಮೂರೂ ಮಹಡಿಗೆ ಸಿಹಿ ಹಂಚಿದ್ದರು. ಅವಳು ಯಾವುದಾದರೂ ದೊಡ್ಡ ಪ್ರಯೋಗಾಲಯದಲ್ಲಿ ಬಿಳಿ ಕೋಟು ತೊಟ್ಟು ನಿಲ್ಲುವುದನ್ನು ಕಣ್ಮುಂದೆ ತಂದುಕೊಂಡು, ಆ ಕೋಟನ್ನು ಮನೆಯಲ್ಲಿ ಯಾವ ಮೊಳೆಗೆ ನೇತುಹಾಕಬೇಕೆಂಬುದನ್ನೂ ಗೊತ್ತುಮಾಡಿಕೊಂಡಿದ್ದರು. ಆದರೆ ವಿಧಿ ಅಡಿಗೆಮನೆಯ ತಕ್ಕಡಿಯ ರೂಪದಲ್ಲಿ ಬಂದಿತು.

ಗುಮಾಸ್ತರ ಹೆಂಡತಿ ಕೇಕು ಮಾಡಿ ಕೇಳಿದವರಿಗೆ ಕೊಡುತ್ತಿದ್ದರು. ಆ ತಿಂಗಳು ಹಾಕಿದ ಕೇಕೆಲ್ಲ ನಡು ಕುಸಿದು ಕೂರತೊಡಗಿದವು. ಒಲೆ ಬದಲಾಯಿಸಿದರು, ಹಿಟ್ಟು ಬದಲಾಯಿಸಿದರು, ಗಂಡನನ್ನು ಬದಲಾಯಿಸುವುದೊಂದು ಬಾಕಿ. ಕೊನೆಗೆ ಮಗಳು, “ಅಮ್ಮ, ತಕ್ಕಡಿ ಸುಳ್ಳು ಹೇಳ್ತಿದೆ” ಎಂದು ಅದನ್ನೆತ್ತಿಕೊಂಡು ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವ ತಕ್ಕಡಿ ತಾತನ ಅಂಗಡಿಗೆ ಹೋದಳು. ಬೆಳಿಗ್ಗೆ ಹೋದವಳು ಬಂದದ್ದು ಸಂಜೆ.

“ಅಪ್ಪ, ಕೆಲಸ ಸಿಕ್ತು!”

“ಹೌದಾ! ಯಾವ ಲ್ಯಾಬು?”

“ಲ್ಯಾಬಲ್ಲಪ್ಪ. ತಕ್ಕಡಿ ಅಂಗಡಿ. ತಾತನ ಕಣ್ಣು ಮಂಜಾಗ್ತಿದೆ, ಸಣ್ಣ ತೂಕ ಹಿಡಿಯೋಕೆ ಆಗ್ತಿಲ್ಲ. ನಾನು ಒಂದು ಸರಿಮಾಡಿ ತೋರಿಸಿದೆ. ನಾಳೆಯಿಂದ ಬಾ ಅಂದ್ರು.”

ಗುಮಾಸ್ತರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. “ಡಿಗ್ರಿ ಮಾಡಿದ್ದು ತರಕಾರಿ ಅಂಗಡಿ ತಕ್ಕಡಿ ರಿಪೇರಿ ಮಾಡೋಕೇನಮ್ಮ?”

ಹೆಂಡತಿ ಅಡಿಗೆಮನೆಯಿಂದಲೇ ಉತ್ತರಿಸಿದರು. “ತರಕಾರಿಯವರು ತೂಕದಲ್ಲಿ ಮೋಸ ಮಾಡ್ತಾರೆ ಅಂತ ದಿನಾ ಕೂಗಾಡೋರು ನೀವೇ ಅಲ್ವಾ? ಸರಿಮಾಡೋರು ನಿಮ್ಮ ಮನೇಲೇ ಹುಟ್ಟಿದ್ರೆ ಮುಖ ಸಿಂಡರಿಸ್ತೀರಲ್ಲ!”

“ನಾಲ್ಕು ಜನ ಏನಂತಾರೆ?”

“ಆ ನಾಲ್ಕು ಜನಾನೂ ತೂಕ ಮಾಡಿಸ್ಕೊಂಡೇ ತಿನ್ನೋದು.”

ಮಗಳು ಮರುದಿನದಿಂದ ಕೆಲಸಕ್ಕೆ ಹೋದಳು. ಮೊದಲ ವಾರವೇ ಬಚ್ಚಲುಮನೆಯಲ್ಲಿದ್ದ ತೂಕದ ಯಂತ್ರವನ್ನು ಸರಿಮಾಡಿಟ್ಟಳು. ಅಲ್ಲಿಯವರೆಗೆ ಎಪ್ಪತ್ತೊಂದಿದ್ದ ಗುಮಾಸ್ತರು ಒಂದೇ ರಾತ್ರಿಯಲ್ಲಿ ಎಪ್ಪತ್ತೈದಾದರು. ಹೆಂಡತಿ ಸಕ್ಕರೆ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದರು. ಗುಮಾಸ್ತರಿಗೆ ಆ ಕೆಲಸದ ಮೇಲೆ ಮೊದಲಿದ್ದ ಸಿಟ್ಟಿಗೆ ಇದೂ ಒಂದು ಸೇರಿತು.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅವಳೊಂದು ಮರದ ಪೆಟ್ಟಿಗೆ ತಂದು ಅವರ ಮುಂದಿನ ಮೇಜಿನ ಮೇಲಿಟ್ಟಳು. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬೊಟ್ಟುಗಳು, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ.

“ಅಪ್ಪ, ಐದು ನಿಮಿಷ ನೋಡ್ತೀರಾ? ಇವನ್ನ ಬರಿಗೈಲಿ ಮುಟ್ಟೋ ಹಾಗಿಲ್ಲ, ಚಿಮಟದಲ್ಲೇ ಎತ್ತಬೇಕು. ಬೆರಳಿನ ಬೆವರು ಅಂಟಿದ್ರೂ ತೂಕ ಬದಲಾಗುತ್ತೆ.”

“ಆಮೇಲೆ ನೋಡೋಣಮ್ಮ” ಎಂದರು ಗುಮಾಸ್ತರು, ಪತ್ರಿಕೆಯ ಹಿಂದಿನಿಂದ. ಅವರು ಓದುತ್ತಿದ್ದದ್ದು ಹವಾಮಾನ ವರದಿ. ಅದೂ ನಿನ್ನೆಯದು. ಮಗಳು ಸ್ವಲ್ಪ ಹೊತ್ತು ನಿಂತಿದ್ದು ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ಕಾಲೇಜಿನಲ್ಲಿ ಯಾರಾದರೂ “ಮಗಳು ಏನು ಮಾಡ್ತಿದ್ದಾಳೆ?” ಎಂದರೆ, “ಯಾವುದೋ ಪರೀಕ್ಷೆಗೆ ಓದ್ತಿದ್ದಾಳೆ” ಎನ್ನುತ್ತಿದ್ದರು. ಯಾವ ಪರೀಕ್ಷೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಮನೆಯಲ್ಲೂ ಅಂಥ ಒಂದು ಪರೀಕ್ಷೆ ನಡೆಯುತ್ತಲೇ ಇತ್ತು.

ಈಗ ಆ ಮೂವತ್ತೊಂದನೇ ಹೆಸರು. ‘ಉದ್ಯೋಗದಲ್ಲಿದ್ದಾರೆ’ ಎಂದು ಬರೆದರೆ ಏನು ಉದ್ಯೋಗ ಎಂದು ಬರೆಯಬೇಕು. ಅದು ಅಚ್ಚಾಗುವ ಮುಂಚೆ ಪ್ರಿನ್ಸಿಪಾಲರು ಓದುತ್ತಾರೆ, ಓದಿ ಕರೆದು ಕೇಳುತ್ತಾರೆ. ಮೇಲಾಗಿ ತಕ್ಕಡಿ ಅಂಗಡಿಯ ಸಂಬಳ ಎಷ್ಟಿದ್ದೀತು? ಇಡೀ ವಿಭಾಗದ ಸರಾಸರಿಯನ್ನು ಕೆಳಗೆಳೆದೀತು. ‘ಉನ್ನತ ವ್ಯಾಸಂಗ’ ಎಂದರೆ ಎಲ್ಲಿ ಎಂದು ಬರೆಯಬೇಕು. ‘ಹುಡುಕಾಟ’ ಎಂದರೆ ಪ್ರಥಮ ದರ್ಜೆಗೆ ಅವಮಾನ. ಉಳಿದದ್ದು ಐದನೆಯದು.

ಗುಮಾಸ್ತರು ಸುಳ್ಳು ಹೇಳುವವರಲ್ಲ. ಇದನ್ನು ಓದುಗರು ಗಮನಿಸಬೇಕು. ಪ್ರಯತ್ನಿಸದೆ ‘ಪ್ರಯತ್ನಿಸಿದೆ’ ಎಂದು ಬರೆಯಲು ಅವರ ಕೈ ಏಳಲಿಲ್ಲ. ಆದ್ದರಿಂದ ಸಾಕ್ಷಾತ್ ತಮ್ಮ ಮನೆಗೇ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನ್ ಮಾಡಲು ನಿಶ್ಚಯಿಸಿದರು. (ಪ್ರವೇಶ ಪತ್ರದಲ್ಲಿ ಮಗಳ ಸಂಖ್ಯೆಯ ಜಾಗದಲ್ಲಿ ಮನೆಯ ಫೋನಿನ ಸಂಖ್ಯೆ ಕೊಟ್ಟವರೂ ಅವರೇ. ಹುಡುಗರ ಕಾಟ ಇರಬಾರದೆಂದು.) ಹತ್ತನೇ ತಾರೀಖು, ಹನ್ನೊಂದೂ ಕಾಲು: ಹೆಂಡತಿ ಕೇಕು ಕೊಡಲು ಹೋಗಿರುತ್ತಾರೆ. ಫೋನು ಹನ್ನೆರಡು ಸಲ ಬಡಿದುಕೊಂಡು ಸುಮ್ಮನಾಯಿತು. ಗುಮಾಸ್ತರು ಧರ್ಮರಾಯನ ಮುಖ ಮಾಡಿಕೊಂಡು ನಮೂದಿಸಿದರು.

ಹದಿನಾರನೇ ತಾರೀಖು, ನಾಲ್ಕೂ ಹತ್ತು. ಎರಡನೇ ಪ್ರಯತ್ನ. ಎರಡನೇ ರಿಂಗಿಗೇ ಯಾರೋ ಎತ್ತಿದರು.

“ಹಲೋ?”

ಹೆಂಡತಿ! ಗುಮಾಸ್ತರು ಗಾಬರಿಯಲ್ಲಿ ಮೂಗು ಹಿಡಿದುಕೊಂಡರು. “ಹಲೋ, ಕಾಲೇಜಿಂದ ಮಾತಾಡ್ತಿದ್ದೀವಿ. ನಿಮ್ಮ ಮಗಳು ಇದ್ದಾರಾ?”

“ರೀ, ಏನಾಯ್ತು ನಿಮ್ಮ ಮೂಗಿಗೆ? ನಿನ್ನೆ ತಲೆ ಒರೆಸ್ಕೊಳ್ಳಿ ಅಂತ ಬಡ್ಕೊಂಡೆ.”

“ನಾನು... ಪದವೀಧರ ಪ್ರಗತಿ ಶೋಧನೆ ವಿಭಾಗದಿಂದ...”

“ನೀವು ಯಾವ ವಿಭಾಗದಿಂದ ಮಾತಾಡಿದ್ರೂ ನನಗೆ ಗೊತ್ತಾಗುತ್ತೆ, ಇಪ್ಪತ್ತಾರು ವರ್ಷ ಆಯ್ತು. ನಿಮ್ಮ ಮಗಳು ಅಂದ್ರೇನು, ನಿಮಗೇನೂ ಆಗಬೇಕಿಲ್ವಾ? ಅವಳು ನಿಮ್ಮ ಕಾಲೇಜಿಗೇ ಬಂದಿದ್ದಾಳಲ್ಲ, ರಸಾಯನಶಾಸ್ತ್ರದವರ ತಕ್ಕಡಿ ನೋಡೋಕೆ. ಮುಗಿಸ್ಕೊಂಡು ಮೇಲೆ ಹೋಗಿ ಅಪ್ಪನ್ನ ಮಾತಾಡಿಸ್ಕೊಂಡು ಬರ್ತೀನಿ ಅಂದಳು. ಏನಾದ್ರೂ ತಿನ್ನಿಸಿ ಕಳಿಸಿ.”

ಗುಮಾಸ್ತರು ಫೋನಿಟ್ಟರು. ಆಗಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಅದರ ಜೊತೆಗೆ ಮರದ ಪೆಟ್ಟಿಗೆಯೊಳಗೆ ಹಿತ್ತಾಳೆ ಕದಲುವ ಸದ್ದು. ಮಹಡಿಯ ತುದಿಯಲ್ಲಿ ಅಧ್ಯಾಪಕರಿಬ್ಬರು ನಿಂತು ಹರಟುತ್ತಿದ್ದರು. ಅವರ ಮುಂದೆ ಮಗಳು ಎಣ್ಣೆಮಸಿಯ ಕೈಯಲ್ಲಿ ಪೆಟ್ಟಿಗೆ ಹಿಡಿದು ‘ಅಪ್ಪ’ ಎಂದುಬಿಟ್ಟರೆ? ಯಾವುದೋ ಪರೀಕ್ಷೆಗೆ ಓದುತ್ತಿರುವವಳು? ಐವತ್ತಾರು ವರ್ಷದ, ಎಪ್ಪತ್ತೈದು ಕಿಲೋ ತೂಕದ ಗುಮಾಸ್ತರು ಪಕ್ಕದ ಉಗ್ರಾಣಕ್ಕೆ ನುಗ್ಗಿ, ಮುರಿದ ಬೆಂಚುಗಳ ನಡುವೆ ನಿಂತು ಬಾಗಿಲು ಎಳೆದುಕೊಂಡರು.

“ಅಪ್ಪ?” ಎಂದಳು ಮಗಳು, ಖಾಲಿ ಕೋಣೆಯ ಬಾಗಿಲಲ್ಲಿ. ಫ್ಯಾನು ತಿರುಗುತ್ತಿತ್ತು. “ಅಪ್ಪಾ?”

ಗುಮಾಸ್ತರಿಗೆ ಧೂಳಿಗೆ ಸೀನು ಬಂತು. ಮೂಗು ಹಿಡಿದುಕೊಂಡರು, ಆ ದಿನ ಎರಡನೇ ಸಲ. ಹೆಜ್ಜೆಗಳು ಉಗ್ರಾಣದ ಮುಂದೆ ಬಂದು ಒಂದು ಕ್ಷಣ ನಿಂತವು. ಆಮೇಲೆ ಮೆಟ್ಟಿಲಿಳಿದು ಹೋದವು. ಆ ಹೊತ್ತಿನಲ್ಲಿ ಅವರಿಗಾದದ್ದು ನೆಮ್ಮದಿಯೇ. ಇದನ್ನು ಬರೆಯಲು ನನಗೂ ಸಂಕಟವಾಗುತ್ತದೆ, ಆದರೆ ಆದದ್ದು ಅದೇ.

ಇಪ್ಪತ್ತನೇ ತಾರೀಖು ಮೂರನೇ ಪ್ರಯತ್ನ. ಒಂದು ರಿಂಗು ಕೊಟ್ಟು ಇಟ್ಟುಬಿಟ್ಟರು. ದಿನಾ ಎರಡು ಹೊತ್ತು ಎದುರು ಕೂತು ಉಣ್ಣುವ ಮಗಳು ಹೀಗೆ ಶಾಸ್ತ್ರೋಕ್ತವಾಗಿ ಸಂಪರ್ಕಕ್ಕೆ ಸಿಗದವಳಾದಳು. ಅದೇ ವಾರ ತಕ್ಕಡಿ ತಾತ ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆಸಿದ. ಶನಿವಾರ ಸಂಜೆ ಆರಕ್ಕೆ ಬಂದು ನೋಡಿ ಎಂದು ಅವಳು ಅಪ್ಪನನ್ನು ಕರೆದಳು. ಅಪ್ಪನಿಗೆ ಆರಕ್ಕೆ ಸರಿಯಾಗಿ ತಲೆನೋವು ಬಂತು. ಅಮ್ಮ ಒಬ್ಬರೇ ಕೇಕು ಹಿಡಿದುಕೊಂಡು ಹೋಗಿಬಂದರು.

ವರದಿ ಸಿದ್ಧವಾದಾಗ ಪ್ರಿನ್ಸಿಪಾಲರು ಕರೆಸಿದರು. “ಏನ್ರೀ ಇದು? ಭೌತಶಾಸ್ತ್ರದಲ್ಲಿ ಓದಿಗೆ ಸಂಬಂಧಪಟ್ಟ ಕೆಲಸದಲ್ಲಿರೋರು ಸೊನ್ನೆ! ವಿಮೆ ಮಾರೋರು ಒಂಬತ್ತು ಜನ, ಬಟ್ಟೆ ಅಂಗಡಿ ನಾಲ್ಕು, ಮನೆಮನೆಗೆ ಪಾರ್ಸಲ್ ಹಂಚೋರು ಆರು. ಒಬ್ಬರಾದರೂ ಸಿಗಬಾರದಾಗಿತ್ತೇ? ಒಬ್ಬರೇ ಒಬ್ಬರು?”

ಗುಮಾಸ್ತರ ಬಾಯಲ್ಲಿ ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. “ಎಲ್ಲ ಕಡೆ ಹುಡುಕಿದೆ ಸಾರ್” ಎಂದರು.

ವರದಿ ಹೋಯಿತು. ಎರಡು ತಿಂಗಳಾದ ಮೇಲೆ ಒಂದು ಪತ್ರ ಬಂದಿತು. ಅಳತೆ ಪರಿಶೀಲನಾ ಕಚೇರಿಯವರದು. ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಅದು. ಭೌತಶಾಸ್ತ್ರದ ಪದವಿ ಇರುವ, ತಕ್ಕಡಿಗಳ ಮೇಲೆ ಒಂದು ವರ್ಷ ಕೈಯಾರೆ ಕೆಲಸ ಮಾಡಿದ ಇಬ್ಬರು ಸಹಾಯಕರು ಬೇಕು. ಕಾಲೇಜುಗಳು ತಮ್ಮ ಪದವೀಧರ ವರದಿಯ ಆಧಾರದ ಮೇಲೆ ಹತ್ತು ದಿನದೊಳಗೆ ಹೆಸರು ಕಳಿಸಬೇಕು, ನೇರ ಅರ್ಜಿ ಇಲ್ಲ. ಕೆಲಸ ಕಾಯಂ. ಕಚೇರಿಯಲ್ಲಿ ಸ್ವಂತ ಪ್ರಯೋಗಾಲಯವಿದೆ, ಅಲ್ಲಿ ಬಿಳಿ ಕೋಟು ಕಡ್ಡಾಯ.

“ಅಂಥೋರು ನಮ್ಮಲ್ಲಿ ಎಲ್ಲಿದ್ದಾರೆ? ನೀವೇ ಸೊನ್ನೆ ಅಂತ ಬರೆದಿದ್ದೀರಲ್ಲ. ಯಾರೂ ಇಲ್ಲ ಅಂತ ಬರೆದುಬಿಡಿ” ಎಂದು ಪ್ರಿನ್ಸಿಪಾಲರು ಪತ್ರವನ್ನು ಅವರ ಕೈಗಿತ್ತರು.

ಗುಮಾಸ್ತರು ಅದನ್ನು ಮೂರನೇ ಮಹಡಿಗೆ ಒಯ್ದು ನಾಲ್ಕು ಸಲ ಓದಿದರು. ಅವರು ಕಣ್ಮುಂದೆ ತಂದುಕೊಂಡಿದ್ದ ಕೋಟು, ಗೊತ್ತುಮಾಡಿಟ್ಟಿದ್ದ ಮೊಳೆ, ಎಲ್ಲ ಆ ಒಂದು ಹಾಳೆಯಲ್ಲಿತ್ತು. ಒಂದೇ ಮಾತು ಹೇಳಿದರೆ ಸಾಕು: ‘ಸಾರ್, ಮೂವತ್ತೊಂದನೇ ಹೆಸರು ನನ್ನ ಮಗಳದು, ಅವಳು ಸಂಪರ್ಕಕ್ಕೆ ಸಿಕ್ಕಿದ್ದಾಳೆ.’ ಮೂರನೇ ದಿನ ಪ್ರಿನ್ಸಿಪಾಲರ ಬಾಗಿಲಿಗೆ ಹೋದರು. ಒಳಗೆ ಯಾರೋ ಇದ್ದರು, ಹಿಂದಿರುಗಿದರು. ಆರನೇ ದಿನ ಹೋದರು. ಪ್ರಿನ್ಸಿಪಾಲರು ಫೋನಿನಲ್ಲಿದ್ದರು. ಹತ್ತನೇ ದಿನ ಪ್ರಿನ್ಸಿಪಾಲರು ಒಬ್ಬರೇ ಇದ್ದರು, ಬಾಗಿಲೂ ತೆರೆದಿತ್ತು. “ಏನ್ರೀ?” ಎಂದರು.

“ಏನಿಲ್ಲ ಸಾರ್. ಫ್ಯಾನು ಸದ್ದು ಮಾಡ್ತಿದೆ” ಎಂದರು ಗುಮಾಸ್ತರು.

ಸುಳ್ಳು ದಾಖಲೆ ಬರೆದವರು ಎಂಬ ಹೆಸರು ಹನ್ನೊಂದು ವರ್ಷದ ದುಂಡು ಅಕ್ಷರಕ್ಕೆ ಬರಬಾರದೆಂದು ಅವರಿಗೆ ಭಯ. ಮೆಟ್ಟಿಲು ಹತ್ತುತ್ತಾ, ‘ಅವಳಿಗೆ ಈಗಿರುವ ಅಂಗಡಿಯೇ ಇಷ್ಟ, ಬೋರ್ಡಿನಲ್ಲಿ ಹೆಸರೂ ಇದೆ’ ಎಂದು ಸಮಾಧಾನ ಹೇಳಿಕೊಂಡರು. ಆ ಅಂಗಡಿಯ ಬಗ್ಗೆ ಒಂದೂಕಾಲು ವರ್ಷದಲ್ಲಿ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು, ಅದನ್ನೂ ತಮಗೇ ಆಡಿಕೊಂಡರು. ಸಂಜೆಯ ಅಂಚೆಗೆ ‘ಅಂಥ ಪದವೀಧರರು ಯಾರೂ ಇಲ್ಲ’ ಎಂಬ ಉತ್ತರ ಹೋಯಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರನ್ನು ಕೇಳಿದ್ದೇವೆ. ಇವರು ಮಗಳ ಕಣ್ಣು ಮುಚ್ಚಿದರು.

ಆದರೆ ಆ ಕಚೇರಿಯ ಪರಿಶೀಲಕರು ವರ್ಷಕ್ಕೊಮ್ಮೆ ತಕ್ಕಡಿ ತಾತನ ಬೊಟ್ಟುಗಳಿಗೆ ಮುದ್ರೆ ಒತ್ತಲು ಬರುತ್ತಿದ್ದರು. ಇದು ಗುಮಾಸ್ತರಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿದ್ದರೆ ಆ ಭಾನುವಾರ ಪೆಟ್ಟಿಗೆ ನೋಡಬೇಕಿತ್ತು.

ಒಂದು ಸಂಜೆ ಮಗಳು ಮನೆಗೆ ಬಂದಾಗ ಅವಳ ಕೈಯಲ್ಲಿ ಅಚ್ಚಾದ ವರದಿಯಿತ್ತು. ಅಪ್ಪ ಅಮ್ಮ ಇಬ್ಬರೂ ಊಟಕ್ಕೆ ಕೂತಿದ್ದರು.

“ಇವತ್ತು ಪರಿಶೀಲಕರು ಬಂದಿದ್ರು. ನಿಮ್ಮ ಕಾಲೇಜಿಂದ ನಿಮ್ಮ ಹೆಸರು ಯಾಕಮ್ಮ ಬರಲಿಲ್ಲ, ನಾವು ಕಾದು ಬೇರೆಯವರನ್ನ ತಗೊಂಡ್ವಿ ಅಂದ್ರು. ಕಾಲೇಜಿಗೆ ಹೋಗಿ ಇದನ್ನ ಇಸ್ಕೊಂಡೆ.” ಕೊನೆಯ ಪುಟ ತೆರೆದಳು. “ನೋಂದಣಿ ಸಂಖ್ಯೆ ನಂದು. ಸಂಪರ್ಕಕ್ಕೆ ಸಿಗಲಿಲ್ಲ. ಹತ್ತನೇ ತಾರೀಖು ಹನ್ನೊಂದೂ ಕಾಲು. ಹದಿನಾರು, ನಾಲ್ಕೂ ಹತ್ತು...” ಅಲ್ಲಿ ನಿಂತಳು. “ಹದಿನಾರಕ್ಕೆ ನಾನು ನಿಮ್ಮ ಕೋಣೆ ಮುಂದೇ ಇದ್ದೆ ಅಪ್ಪ.”

ಗುಮಾಸ್ತರು ತಟ್ಟೆ ನೋಡುತ್ತಿದ್ದರು.

“ಉಗ್ರಾಣದ ಬಾಗಿಲ ಕೆಳಗೆ ನಿಮ್ಮ ಚಪ್ಪಲಿ ಕಾಣ್ತಿತ್ತು. ಎಡಗಾಲಿಂದಕ್ಕೆ ನಾನೇ ಹೊಲಿಗೆ ಹಾಕಿಸಿದ್ದು. ಏನೋ ಹುಡುಕ್ತಿರಬೇಕು, ತೊಂದರೆ ಕೊಡೋದು ಬೇಡ ಅಂತ ಹೋದೆ.”

“ನಾನು ನಿನ್ನ ಒಳ್ಳೇದಕ್ಕೇ...” ಎಂದು ಗುಮಾಸ್ತರು ಶುರುಮಾಡಿದರು.

“ಆ ಕೆಲಸ ಹೋಗಿದ್ದಕ್ಕೆ ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ. ತುಂಬಾ ಬೇಜಾರಿದೆ” ಎಂದಳು ಮಗಳು. ಕೈ ತೊಳೆದುಕೊಂಡು ಒಳಗೆ ಹೋದಳು. ಅವಳಿನ್ನೂ ಊಟಕ್ಕೆ ಕೂತೇ ಇರಲಿಲ್ಲ.

ಹೆಂಡತಿ ಬೈಯುತ್ತಾರೆಂದು ಗುಮಾಸ್ತರು ಕಾದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಕೆ ಮಾತನ್ನೇ ನಿಲ್ಲಿಸಿದರು. ಮನೆಯಲ್ಲಿ ಎದುರಿಗಿದ್ದಾಗ ತುಟಿ ಬಿಚ್ಚುತ್ತಿರಲಿಲ್ಲ, ಹೇಳುವುದೇನಿದ್ದರೂ ಕಾಲೇಜಿಗೆ ಫೋನ್ ಮಾಡಿ ಹೇಳುತ್ತಿದ್ದರು. “ಗುಮಾಸ್ತರಾ? ಊಟದ ಡಬ್ಬಿ ಮರೆತು ಹೋಗಿದ್ದೀರ. ಇದು ಮೊದಲನೇ ಪ್ರಯತ್ನ. ಟೈಮು ಹತ್ತೂವರೆ, ಬರ್ಕೊಳ್ಳಿ.” ಮಗಳು ಎಂದಿನಂತೆಯೇ ಇದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ‘ಅಪ್ಪ, ಐದು ನಿಮಿಷ ನೋಡ್ತೀರಾ’ ಎಂದು ಮತ್ತೆ ಕರೆಯಲಿಲ್ಲ. ಗುಮಾಸ್ತರು ಭಾನುವಾರಗಳಂದು ಪತ್ರಿಕೆಯನ್ನು ಮಡಿಸಿಟ್ಟು ಕಾದು ಕೂರತೊಡಗಿದರು. ಮರದ ಪೆಟ್ಟಿಗೆ ಮನೆಗೆ ಬರುವುದೇ ನಿಂತುಹೋಗಿತ್ತು.

ಮುಂದಿನ ವರ್ಷ ಪ್ರಿನ್ಸಿಪಾಲರು ಹೊಸ ಆಜ್ಞೆ ಹೊರಡಿಸಿದರು. ಹಿಂದಿನ ವರ್ಷ ಐದನೇ ಕಾಲಮ್ಮಿಗೆ ಬಿದ್ದವರನ್ನು ಫೋನಿನಲ್ಲಲ್ಲ, ಅವರಿದ್ದಲ್ಲಿಗೇ ಹೋಗಿ ಕಂಡು, ಅವರ ಕೈಯಲ್ಲೇ ನಮೂನೆ ತುಂಬಿಸಿ ಸಹಿ ಹಾಕಿಸಿಕೊಂಡು ಬರಬೇಕು. ಹೋಗುವವರು ಯಾರು? ದಂಡನಾಯಕರೂ ಕಾಲಾಳೂ ಒಬ್ಬರೇ ಎಂದು ಆಗಲೇ ಹೇಳಿದ್ದೇನೆ.

ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಕ್ಕಡಿ ಅಂಗಡಿಗೆ ಹೋದರು. ಬೋರ್ಡಿನಲ್ಲಿ ಮಗಳ ಹೆಸರನ್ನು ಮೊದಲ ಸಲ ಓದಿದರು. ಹೆಸರಿನ ಮುಂದೆ ಪದವಿಯನ್ನೂ ತಾತ ಬರೆಸಿದ್ದ. ಒಳಗೆ ಮಗಳು ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡು ಒಂದು ತೊಟ್ಟಿಲಿನಂಥ ಯಂತ್ರದ ಮುಂದೆ ಬಗ್ಗಿದ್ದಳು.

“ಸ್ವಲ್ಪ ಕೂತ್ಕೊಳ್ಳಿ. ಇದು ಆಸ್ಪತ್ರೇದು, ಆಗತಾನೆ ಹುಟ್ಟಿದ ಮಕ್ಕಳನ್ನ ತೂಗೋದು” ಎಂದಳು, ಗಿರಾಕಿಗಳಿಗೆ ಹೇಳುವ ದನಿಯಲ್ಲಿ.

ತಕ್ಕಡಿ ತಾತ ಒಂದು ಪೆಟ್ಟಿಗೆ ಮಗುಚಿ ಹಾಕಿದ. ಗುಮಾಸ್ತರು ಅದರ ಮೇಲೆ ಕೂತು ನೋಡಿದರು. ಅವಳು ಚಿಮಟದಲ್ಲಿ ಬೊಟ್ಟನ್ನೆತ್ತಿ ನಡುವೆ ಇಟ್ಟಳು, ನೋಡಿದಳು, ಬರೆದಳು. ಅದೇ ಬೊಟ್ಟನ್ನು ಒಂದು ಮೂಲೆಗಿಟ್ಟಳು, ಇನ್ನೊಂದು ಮೂಲೆಗಿಟ್ಟಳು. ನಾಲ್ಕನೇ ಮೂಲೆಯಲ್ಲಿ ಮುಖ ಗಂಟಿಕ್ಕಿ ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೊದಲ ಮೂಲೆಯಿಂದ ಶುರುಮಾಡಿದಳು.

“ನಲವತ್ತು ಗ್ರಾಮು ಕಮ್ಮಿ ತೋರಿಸ್ತಿತ್ತು ಸ್ವಾಮಿ” ಎಂದ ತಾತ ಮೆಲ್ಲಗೆ. “ಎಷ್ಟು ತಾಯಂದಿರು ಮಗು ಬೆಳೀತಿಲ್ಲ ಅಂತ ಅತ್ತಿರ್ತಾರೋ. ಆಸ್ಪತ್ರೆಯೋರಿಗೆ ಗೊತ್ತಾಗಲಿಲ್ಲ, ಈ ಮಗು ಕಂಡುಹಿಡೀತು. ಇವಳ ತಂದೆ ಪುಣ್ಯವಂತರು. ನಾನು ಇನ್ನೂ ನೋಡಿಲ್ಲ ಅವರನ್ನ.”

ಗುಮಾಸ್ತರು ಕೈಯಲ್ಲಿದ್ದ ನಮೂನೆಯನ್ನು ಮೊಣಕಾಲ ಮೇಲಿಟ್ಟು ನೇರಮಾಡಿಕೊಂಡರು. ನಾನೂರ ಹನ್ನೆರಡು ಮಕ್ಕಳನ್ನು ‘ನೀವೇನು ಕೆಲಸ ಮಾಡ್ತೀರಿ’ ಎಂದು ಕೇಳಿದ ಮನುಷ್ಯ ಇದೊಂದು ಮಗುವನ್ನು ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪ ಹಿಡಿದವರೇ ಕಣ್ಣು ಮುಚ್ಚಿಕೊಂಡಿದ್ದರು.

ಮಗಳು ಕೈ ಒರೆಸಿಕೊಂಡು ಬಂದಳು. “ಕೊಡಿ.”

ನಮೂನೆ ತೆಗೆದುಕೊಂಡು, ಕಲ್ಲಿನ ಹಲಗೆಯ ಮೇಲಿಟ್ಟು ಬರೆಯತೊಡಗಿದಳು. ಓದಿಗೆ ಸಂಬಂಧಪಟ್ಟ ಕೆಲಸವೇ: ಹೌದು. ತಿಂಗಳ ಸಂಪಾದನೆ: ಅಂಕಿ ಬರೆದಳು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕೆಳಗಿಳಿದೀತೆಂದು ತಾವು ಕಾಪಾಡಿಕೊಂಡು ಬಂದ ಆ ಸರಾಸರಿಗಿಂತ ಮೂರು ಸಾವಿರ ಹೆಚ್ಚಿತ್ತು.

“ಇದು... ಈ ವರ್ಷ ಜಾಸ್ತಿ ಆಗಿದ್ದಾ?”

“ಇಲ್ಲ, ಹೋದ ವರ್ಷಾನೂ ಇಷ್ಟೇ. ಕೇಳಿದ್ದರೆ ಹೇಳ್ತಿದ್ದೆ.”

ಕೊನೆಯದು, ಯಾರೂ ಓದದ ಪ್ರಶ್ನೆ: ‘ಉದ್ಯೋಗದ ವಿಷಯದಲ್ಲಿ ಕಾಲೇಜಿನ ಸಿಬ್ಬಂದಿಯಿಂದ ನಿಮಗೆ ದೊರೆತ ನೆರವು’. ಎಲ್ಲರೂ ಅಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಮಗಳು ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಮಡಿಸಿ ಕೊಟ್ಟಳು.

“ಕಾಫಿ ಕುಡೀತೀರಾ?” ಎಂದಳು ಕೊನೆಗೆ.

“ಇಲ್ಲಮ್ಮ, ಆಫೀಸಿದೆ” ಎಂದರು ಗುಮಾಸ್ತರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಅವಳು ತಿರುಗಿ ತೊಟ್ಟಿಲ ಯಂತ್ರದ ಹತ್ತಿರ ಹೋಗಿದ್ದಳು.

ಮೂರನೇ ಮಹಡಿಗೆ ಬಂದು ಫ್ಯಾನು ಆರಿಸಿ ನಮೂನೆ ಬಿಚ್ಚಿದರು. ಮಗಳ ಅಕ್ಷರವೂ ದುಂಡಾಗಿತ್ತು, ಚಿಕ್ಕವಳಿದ್ದಾಗ ಅವರೇ ತಿದ್ದಿಸಿದ್ದು.

‘ಮೂರು ಸಲ ಪ್ರಯತ್ನಿಸಿದೆ. ಕೆಲಸಕ್ಕೆ ಸೇರಿದ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತು. ಹದಿನಾರನೇ ತಾರೀಖು, ನಾಲ್ಕೂ ಹತ್ತು. ಬೋರ್ಡು ಬರೆಸಿದ ಶನಿವಾರ, ಸಂಜೆ ಆರು. ಸಂಪರ್ಕಕ್ಕೆ ಸಿಗಲಿಲ್ಲ.’

ಗುಮಾಸ್ತರು ಹಳೆಯ ಕಡತ ತೆಗೆದು ಹದಿನಾರನೇ ತಾರೀಖನ್ನು ತಾಳೆ ನೋಡಿದರು. ತಮ್ಮದೂ ನಾಲ್ಕೂ ಹತ್ತು, ಅವಳದೂ ನಾಲ್ಕೂ ಹತ್ತು. ಭಾನುವಾರದ ಹವಾಮಾನ ವರದಿಯೂ ಶನಿವಾರದ ತಲೆನೋವೂ ಅವರಿಗೆ ಚೆನ್ನಾಗಿಯೇ ನೆನಪಿದ್ದವು. ಷರಾದ ಗೆರೆ ಖಾಲಿ ಇತ್ತು. ಈ ಒಂದು ನಮೂನೆಯಲ್ಲಿ ಮಾತ್ರ ಅವರು ಮೊದಲೇ ಬರೆದಿಟ್ಟಿರಲಿಲ್ಲ. ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಆಮೇಲೆ ಬರೆದು ಸಹಿ ಹಾಕಿದರು.

‘ಪರಿಶೀಲಿಸಲಾಗಿದೆ, ಸರಿಯಿದೆ.’